ವಸಡುಗಳ ವಿಚಾರವಾಗಿ ಕೆಲವು ಮಾತು

ನಮ್ಮ ಕನ್ನಡದಲ್ಲಿ ಹಲ್ಲಿನ ಮೇಲೆ ಮಾತುಗಳು ಬೇಕಾದಷ್ಟು ಉಂಟು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದನ್ನು ಕೇಳದೆ ಬೆಳೆದ ಹುಡುಗಿ ಯಾರೂ ಇರಲಾರಳು. ಸಿಟ್ಟು ಬಂದರೆ ಹಲ್ಲು ಕಡಿಯುವೆವು. ಹಗೆಯಾದರೆ ಹಲ್ಲು ಮಸೆಯುವೆವು. ದೈನ್ಯಕ್ಕೆ ಹಲ್ಲು ಕಿರಿಯುವೆವು. ಆದರೆ ಆ ಹಲ್ಲನ್ನು ಹಿಡಿದು ನಿಲ್ಲಿಸಿರುವ ವಸಡಿನ ಮೇಲೆ ಒಂದಾದರೂ ಗಾದೆಯನ್ನು ನಾನು ಈವರೆಗೆ ಕೇಳಿದವಳಲ್ಲ. ಹೆಸರೆತ್ತದ ವಸ್ತುವಿನ ರೋಗವನ್ನು ಯಾರು ವಿಚಾರಿಸುವರು? ಹಲ್ಲು ಉದುರಿತೆಂದರೆ ವಯಸ್ಸಾಯಿತೆಂದು ಹೇಳಿ ಸುಮ್ಮನಾಗುವುದೇ ನಮ್ಮ ಕಡೆಯ ರೂಢಿ. ವಯಸ್ಸಿನ ಮೇಲೆ ಹೊರಿಸುವ ಈ ಅಪವಾದವು ಬಹುಮಟ್ಟಿಗೆ ಸುಳ್ಳೆಂಬುದನ್ನು ನಾನು ಮೂರು ಮನೆಗಳಲ್ಲಿ ಕಂಡಿದ್ದೇನೆ. ಕಂಡುದನ್ನು, ತರುವಾಯ ಬಲ್ಲವರಿಂದ ತಿಳಿದುದನ್ನು, ಸಹೋದರಿಯರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯಲು ತೊಡಗಿದೆನು.

ನನ್ನ ತವರೂರು ಆಳಂದ ತಾಲ್ಲೂಕಿನಲ್ಲಿದೆ. ಅಲ್ಲಿಂದ ಸೊಲ್ಲಾಪುರದ ಸೀಮೆ ದೂರವಲ್ಲವಾದುದರಿಂದ ನಮ್ಮ ಮನೆಯ ಮಾತಿನಲ್ಲಿಯೂ ಅಡಿಗೆಯಲ್ಲಿಯೂ ಚಟಗಳಲ್ಲಿಯೂ ಮರಾಠಿಯ ಸೋಂಕು ಸ್ವಲ್ಪ ಉಂಟು. ನನ್ನ ಚಿಗವ್ವನನ್ನು ಕೊಟ್ಟಿರುವುದು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾನದಿಯ ದಂಡೆಯ ಒಂದು ಹಳ್ಳಿಗೆ. ನಾನು ಸೊಸೆಯಾಗಿ ಸೇರಿದುದು ಜೇವರ್ಗಿ ತಾಲ್ಲೂಕಿನ ಮನೆಯನ್ನು. ಮೂರೂ ಎರೆಮಣ್ಣಿನ ಊರುಗಳು. ಜೋಳವನ್ನೂ ತೊಗರಿಯನ್ನೂ ನೆಚ್ಚಿ ಬದುಕುವಂಥವು. ಒಣಗಿದ ಖಡಕ್ ರೊಟ್ಟಿಯನ್ನು ಕಟಕಟನೆ ಕಡಿದು ತಿನ್ನುವ ಸೀಮೆಯಲ್ಲಿ ಹಲ್ಲು ಹೋದವರ ಪಾಡು ಅನ್ನದ ಸೀಮೆಯವರ ಪಾಡಿಗಿಂತ ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಆಯಿಯನ್ನು ನೆನೆದರೆ ಮೊದಲು ನೆನಪಿಗೆ ಬರುವುದು ಮಿಸ್ರಿಯ ಕಮಟು ವಾಸನೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರಿಕಾಗುವ ತನಕ ಹುರಿದು, ಕೈಯಿಂದ ಉಜ್ಜಿ ಪುಡಿಮಾಡಿ, ಚಿಕ್ಕ ಡಬ್ಬಿಯಲ್ಲಿ ತುಂಬಿಡುವಳು. ಬೆಳಗಾಗೆದ್ದು ಅದನ್ನು ತೋರುಬೆರಳಿನಿಂದ ವಸಡಿಗೆ ಹಚ್ಚಿಕೊಂಡು ಕಟ್ಟೆಯ ಮೇಲೆ ಅರ್ಧತಾಸು ಕುಳಿತುಕೊಳ್ಳುವಳು. ಮಧ್ಯಾಹ್ನ ಮತ್ತೊಮ್ಮೆ, ಮಲಗುವ ಮುಂಚೆ ಮಗದೊಮ್ಮೆ. “ಮಿಸ್ರಿ ಹಚ್ಚದಿದ್ರ ಕಣ್ಣು ಬಿಚ್ಚಂಗಿಲ್ಲ ನೋಡವ್ವ” ಎಂದು ಅವಳು ನಗುತ್ತ ಹೇಳುತ್ತಿದ್ದುದು ಇನ್ನೂ ಕಿವಿಯಲ್ಲಿದೆ. ಹೊಲಕ್ಕೆ ಹೋಗುವ ಹೆಂಗಸರಲ್ಲಿ ಬೀಡಿ ಸೇದುವುದು ಅಪಮಾನ. ಮಿಸ್ರಿ ಮಾತ್ರ ಹಲ್ಲುಜ್ಜುವ ಪುಡಿಯೆಂಬ ಹೆಸರಿನಿಂದ ಮರ್ಯಾದೆ ಪಡೆದಿತ್ತು. ಗಂಡಸರ ಚಂಚಿಯಲ್ಲಿ ತಂಬಾಕೂ ಸುಣ್ಣವೂ ಇದ್ದರೆ ಹೆಂಗಸರ ಡಬ್ಬಿಯಲ್ಲಿ ಅದೇ ತಂಬಾಕು ಬೇರೊಂದು ವೇಷದಲ್ಲಿ ಇದ್ದಿತು. ಹಲ್ಲುನೋವಿಗೆ ಅದು ಮದ್ದೆಂದು ಮೊದಲು ಕೈಗೆತ್ತಿಕೊಂಡವರೇ ಹೆಚ್ಚು. ಹಚ್ಚಿದ ಗಳಿಗೆಯಲ್ಲಿ ನೋವು ಮರವಟ್ಟಂತಾಗುವುದು ನಿಜ. ಆಮೇಲೆ ನೋವಿರಲಿ ಬಿಡಲಿ, ಡಬ್ಬಿ ಬಿಡುವಂತಿಲ್ಲ.

ಆಯಿಗೆ ನಲ್ವತ್ತು ದಾಟುವುದರೊಳಗೆ ಕೆಳಗಿನ ಮುಂಬಲ್ಲುಗಳ ಬುಡದಲ್ಲಿ ವಸಡು ಇಳಿದು ಹಳದಿಯ ಬೇರು ಕಾಣುತ್ತಿತ್ತಂತೆ. ಐವತ್ತರ ಸುಮಾರಿಗೆ ಹಲ್ಲುಗಳು ಒಂದೊಂದಾಗಿ ಸಡಿಲಿದುವು. ಒಂದನ್ನಂತೂ ನನ್ನ ಕಣ್ಣೆದುರಿನಲ್ಲಿಯೇ ಎರಡು ಬೆರಳಿನಿಂದ ಹಿಡಿದು ತೆಗೆದು, ಅಂಗಳದ ಮೂಲೆಗೆ ಎಸೆದಳು. ನೋವೂ ಇಲ್ಲ, ಹೇಳಿಕೊಳ್ಳುವಷ್ಟು ರಕ್ತವೂ ಇಲ್ಲ. “ಹಣ್ಣಾದ ಎಲಿ ಉದುರ್ತದ, ಅದಕ್ಯಾಕ ಅಳಬೇಕು” ಎಂದಳು. ಸಣ್ಣವಳಾದ ನನಗೆ ಅದು ದೊಡ್ಡ ಜ್ಞಾನದ ಮಾತಾಗಿ ತೋರಿತು. ಹುಳುಕುಹಲ್ಲಿನ ನೋವು ರಾತ್ರಿಯೆಲ್ಲ ಎಬ್ಬಿಸಿ ಕೂರಿಸಿ ವೈದ್ಯನ ಮನೆಗೆ ಎಳೆದುಕೊಂಡು ಹೋಗುವುದು. ವಸಡಿನ ರೋಗಕ್ಕೆ ಆ ಸೌಜನ್ಯವಿಲ್ಲ. ಅದು ಇಪ್ಪತ್ತು ವರ್ಷ ಸದ್ದಿಲ್ಲದೆ ಕೆಲಸಮಾಡಿ, ಕಡೆಗೆ ನೋವಿಲ್ಲದೆಯೇ ಹಲ್ಲನ್ನು ಕೈಗೆ ಕೊಡುವುದು.

ಹಲ್ಲು ಹೋದಮೇಲೆ ಆಯಿ ಎಲ್ಲರ ಜೊತೆಗೆ ಉಣ್ಣುವುದನ್ನು ಬಿಟ್ಟಳು. ಮೊದಮೊದಲು ರೊಟ್ಟಿಯನ್ನು ಬೇಳೆಯಲ್ಲಿ ನೆನೆಯಹಾಕಿ ತಿನ್ನುವಳು. ಬರುಬರುತ್ತ ನುಚ್ಚು, ಅಂಬಲಿ ಇಷ್ಟೇ. ಶೇಂಗಾ, ಹುರಿಗಡಲೆ, ಹಸಿ ಸವತೆ ಯಾವುದೂ ಇಲ್ಲ. ಸೀತನಿಯ ಕಾಲದಲ್ಲಿ ಹೊಲದಲ್ಲಿ ಎಳೆಜೋಳದ ತೆನೆಗಳನ್ನು ಸುಟ್ಟು ನಾವೆಲ್ಲ ಸುತ್ತ ಕುಳಿತು ತಿನ್ನುವಾಗ, ಅವಳು ತೆನೆ ಬಡಿದು ಕಾಳು ಬಿಡಿಸಿ ನಮ್ಮ ಅಂಗೈಗೆ ಹಾಕುವಳು. ತಾನು ತಿನ್ನಳು. ಅವಳಿಗೆ ಆಗ ಅರುವತ್ತು ಕೂಡ ತುಂಬಿರಲಿಲ್ಲ.

ಇನ್ನು ಈ ರೋಗವು ಹೇಗೆ ನಡೆಯುವುದೆಂಬುದನ್ನು ವಿಸ್ತರಿಸುವೆನು. ಇದನ್ನು ನನಗೆ ತಿಳಿಯಹೇಳಿದವರು ಕಲಬುರಗಿಯಲ್ಲಿ ಚಿಗವ್ವನಿಗೆ ಚಿಕಿತ್ಸೆಮಾಡಿದ ದಂತವೈದ್ಯೆ. ಆ ಬಾಯಿಯವರು ಒಂದು ಕನ್ನಡಿಯನ್ನು ಕೈಗೆ ಕೊಟ್ಟು ತೋರಿಸಿದುದರಿಂದ ಮರೆಯುವಂತಿಲ್ಲ.

ವಸಡು ಹಲ್ಲಿಗೆ ಅಂಗಿಯ ಕೊರಳಪಟ್ಟಿಯಂತೆ ಸುತ್ತಿಕೊಂಡಿರುವುದು. ಪಟ್ಟಿಗೂ ಹಲ್ಲಿಗೂ ನಡುವೆ ಒಂದು ಸಣ್ಣ ಸಂದು ಸಹಜವಾಗಿಯೇ ಇರುವುದು. ಆರೋಗ್ಯವಂತರಲ್ಲಿ ಅದರ ಆಳ 3 ಮಿಲಿಮೀಟರನ್ನು ಮೀರದು. ಅದರ ಕೆಳಗೆ ಹಲ್ಲಿನ ಬೇರನ್ನು ದವಡೆಯ ಎಲುಬಿಗೆ ಸಾವಿರಾರು ನವುರಾದ ನಾರುಗಳು ಬಿಗಿದು ಕಟ್ಟಿರುವುವು. ಹಲ್ಲು ಎಲುಬಿನಲ್ಲಿ ಮೊಳೆಯಂತೆ ಹೊಡೆದದ್ದಲ್ಲ, ತೊಟ್ಟಿಲಿನಂತೆ ತೂಗುಹಾಕಿದ್ದು ಎಂದು ಅವರೆಂದರು. ನಾವು ಉಂಡು ಬಾಯಿ ಮುಕ್ಕಳಿಸಿದ ಕೆಲವೇ ತಾಸುಗಳಲ್ಲಿ ಹಲ್ಲಿನ ಮೇಲೆ ಒಂದು ತೆಳುವಾದ ಲೋಳೆ ಕೂಡುವುದು. ಬೆಳಿಗ್ಗೆ ಎದ್ದಾಗ ನಾಲಗೆಗೆ ಜಿಗುಟಾಗಿ ತೋರುವುದೇ ಅದು, ಜನರು ಪಾಚಿಯೆನ್ನುವರು. ಬಾವಿಯ ಮೆಟ್ಟಿಲ ಮೇಲಿನ ಪಾಚಿಯಂತೆ ಇದೂ ಜೀವವುಳ್ಳದ್ದೇ. ಡೆಲ್ಫ್ಟ್ ಎಂಬ ಡಚ್ ಪಟ್ಟಣದಲ್ಲಿ ಬಟ್ಟೆಯ ವ್ಯಾಪಾರ ಮಾಡಿಕೊಂಡಿದ್ದ ಲೇವನ್‌ಹುಕ್ ಎಂಬಾತನು ತಾನೇ ಅರೆದು ಮಾಡಿದ ಮಸೂರದಡಿ ತನ್ನ ಹಲ್ಲಿನ ಪಾಚಿಯನ್ನಿಟ್ಟು, ಅದರಲ್ಲಿ ಜೀವಿಗಳು ಓಡಾಡುವುದನ್ನು ಕಂಡು, 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದನು. ಅತಿಸೂಕ್ಷ್ಮಜೀವಿಗಳನ್ನು ಮನುಷ್ಯನು ಕಂಡ ಮೊದಮೊದಲ ತಾಣಗಳಲ್ಲಿ ನಮ್ಮ ಹಲ್ಲಿನ ಬುಡವೂ ಒಂದೆಂಬುದು ಸೋಜಿಗದ ಸಂಗತಿ.

ಈ ಪಾಚಿಯನ್ನು ದಿನವೂ ತೆಗೆಯದಿದ್ದರೆ ಎಂಜಲಿನಲ್ಲಿರುವ ಸುಣ್ಣದಂಶವು ಅದರೊಳಕ್ಕೆ ಇಳಿದು, ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುವುದು. ಹೀಗೆ ಕಲ್ಲಾದುದೇ ಕಿಟ್ಟ. ಕಿಟ್ಟವು ಒರಟಾದುದರಿಂದ ಅದರ ಮೇಲೆ ಹೊಸ ಪಾಚಿ ಇನ್ನೂ ಬೇಗನೆ ಕೂಡುವುದು. ಆ ಜೀವಿಗಳ ವಿಷವನ್ನು ಎದುರಿಸುವುದಕ್ಕಾಗಿ ದೇಹವು ವಸಡಿಗೆ ಹೆಚ್ಚು ರಕ್ತವನ್ನು ಕಳುಹಿಸುವುದು. ವಸಡು ಕೆಂಪೇರಿ, ಬಾತು, ಮುಟ್ಟಿದರೆ ಒಸರುವುದು. ಇದು ಮೊದಲ ಹಂತ. ಇಂಗ್ಲಿಷಿನವರು ಜಿಂಜಿವೈಟಿಸ್ ಎನ್ನುವರು. ಇಲ್ಲಿಗೆ ಎಚ್ಚತ್ತರೆ ವಸಡು ಮೊದಲಿನಂತೆಯೇ ಆಗುವುದು. ಅಸಡ್ಡೆಮಾಡಿದರೆ, ಎಲ್ಲರಲ್ಲಿ ಅಲ್ಲದಿದ್ದರೂ ಅನೇಕರಲ್ಲಿ, ಸಂದು 4, 5, 6 ಮಿಲಿಮೀಟರುಗಳ ಕಿಸೆಯಾಗುವುದು. ಆ ಕಿಸೆಗೆ ಬ್ರಶ್ಶಿನ ಕೂದಲು ಮುಟ್ಟದು, ಬಾಯಿ ಮುಕ್ಕಳಿಸಿದ ನೀರೂ ಇಳಿಯದು. ಅಲ್ಲಿ ನಾರುಗಳು ಕರಗುವುವು. ಅವುಗಳ ಹಿಂದೆಯೇ ಎಲುಬೂ ಕರಗುವುದು. ಇದೇ ಹಿಂದಿನವರು ಪಾಯೋರಿಯಾ ಎಂದು ಕರೆದದ್ದು. ಈಗಿನ ಹೆಸರು ಪೆರಿಯೊಡಾಂಟೈಟಿಸ್. ಒಮ್ಮೆ ಕರಗಿದ ಎಲುಬು ಬಹುಮಟ್ಟಿಗೆ ಹಿಂದಿರುಗಿ ಬಾರದು. ಇರುವುದನ್ನು ಉಳಿಸಿಕೊಳ್ಳುವುದಷ್ಟೇ ಆಮೇಲಿನ ಚಿಕಿತ್ಸೆ.

ರಕ್ತ ಬಂದರೆ ಹಲ್ಲುಜ್ಜುವುದನ್ನು ನಿಲ್ಲಿಸಬೇಕೆಂದು ನಮ್ಮ ಮನೆಗಳಲ್ಲಿ ಹೇಳುವರಷ್ಟೆ? ಇದಕ್ಕಿಂತ ಕೆಟ್ಟ ಬುದ್ಧಿವಾದ ಬೇರೊಂದಿಲ್ಲ. ಡೆನ್ಮಾರ್ಕಿನ ಆರ್ಹುಸ್ ಎಂಬಲ್ಲಿ ಲೋ ಎಂಬ ಪಂಡಿತರೂ ಅವರ ಜೊತೆಗಾರರೂ 12 ಜನರಿಗೆ ಹಲ್ಲುಜ್ಜುವುದನ್ನು ಪೂರ್ತಿ ಬಿಡಿಸಿ ನೋಡಿದರು. ಅವರೆಲ್ಲ ಆರೋಗ್ಯವಾದ ವಸಡುಳ್ಳವರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡು ಜನರಿಗೂ ವಸಡು ಕೆಂಪಾಗಿ ಬಾತಿತು. ಮತ್ತೆ ಉಜ್ಜಲು ಹೇಳಿದಾಗ ಸುಮಾರು ಒಂದು ವಾರದಲ್ಲಿ ಮಾಯವಾಯಿತು. ಈ ಪರೀಕ್ಷೆಯ ವಿವರ 1965ರಲ್ಲಿ ಪ್ರಕಟವಾದುದು. ರಕ್ತವು ಉಜ್ಜಿದುದರ ಫಲವಲ್ಲ, ಉಜ್ಜದೆ ಬಿಟ್ಟುದರ ಫಲ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಡ.

ಇದು ಹೊರದೇಶದ ಹೊಸ ರೋಗವೆಂದು ಯಾರೂ ಭಾವಿಸಬಾರದು. ಸುಶ್ರುತ ಸಂಹಿತೆಯಲ್ಲಿ ಹಲ್ಲಿನ ಬುಡದ ರೋಗಗಳೆಂದು ಹದಿನೈದನ್ನು ಎಣಿಸಿದೆ. ವಸಡು ಮೆತ್ತಗಾಗಿ, ದುರ್ಗಂಧದಿಂದ ಕೂಡಿ, ಕಾರಣವಿಲ್ಲದೆ ರಕ್ತ ಸುರಿಸುವುದು ಶೀತಾದವೆಂದೂ, ಕೀವುರಕ್ತಗಳು ಬಂದು ಹಲ್ಲು ಅಲ್ಲಾಡುವುದು ದಂತವೇಷ್ಟವೆಂದೂ ಅಲ್ಲಿ ಹೆಸರಿಟ್ಟಿದ್ದಾರೆ. ಹೆಸರನ್ನು ಕೊಟ್ಟ ಪಂಡಿತರಿದ್ದರೂ ಆ ಹೆಸರು ನಮ್ಮ ಅಡಿಗೆಮನೆಯ ತನಕ ಬಂದು ಮುಟ್ಟಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತುವವರುಂಟು. ನಾನು ಈ ಮಾತೆತ್ತಿದಾಗಲೆಲ್ಲ ಯಾರಾದರೊಬ್ಬರು ತಮ್ಮ ಊರಿನ ಮುತ್ಯಾನ ಕಥೆಯನ್ನು ಹೇಳದೆ ಬಿಡರು. ಆ ಮುತ್ಯಾ ಬ್ರಶ್ಶನ್ನು ಕಣ್ಣಿನಿಂದ ಕಂಡವನಲ್ಲ, ಚಂಚಿಯನ್ನು ಬಿಟ್ಟವನಲ್ಲ. ಆದರೂ ಎಂಬತ್ತರಲ್ಲಿ ಕಬ್ಬನ್ನು ಹಲ್ಲಿನಿಂದ ಸಿಗಿದು ತಿನ್ನುತ್ತಿದ್ದನು! ಇಂಥ ಮುತ್ಯಾ ಇಲ್ಲದ ಊರೇ ನಮ್ಮ ಸೀಮೆಯಲ್ಲಿಲ್ಲ. ಅವನು ಸುಳ್ಳಲ್ಲ. ಮೇಲೆ ಹೇಳಿದ ಲೋ ಅವರೇ ಶ್ರೀಲಂಕೆಯ ಚಹದ ತೋಟಗಳಲ್ಲಿ 480 ಜನ ಗಂಡಾಳುಗಳನ್ನು 1970ರಿಂದ ಹದಿನೈದು ವರ್ಷ ಬೆನ್ನುಹತ್ತಿ ನೋಡಿದರು. ಹಲ್ಲುಜ್ಜುವ ರೂಢಿಯೂ ದಂತವೈದ್ಯರ ಪರಿಚಯವೂ ಇಲ್ಲದ ಕೂಲಿಯವರು. ಎಲ್ಲರ ಬಾಯಿಯಲ್ಲಿಯೂ ಪಾಚಿ, ಕಿಟ್ಟ. ಅವರಲ್ಲಿ ನೂರಕ್ಕೆ 8 ಜನರಿಗೆ ರೋಗವು ವೇಗದಿಂದ ಬೆಳೆದು ಬಾಯಿ ಬರಿದಾಗುತ್ತ ಬಂದಿತು. 81 ಜನರಿಗೆ ಮೆಲ್ಲನೆ ಬೆಳೆಯಿತು. 11 ಜನರಿಗೆ ಮಾತ್ರ ಮೊದಲ ಹಂತದಿಂದ ಮುಂದಕ್ಕೆ ಹೋಗಲೇ ಇಲ್ಲ. ನಮ್ಮ ಮುತ್ಯಾ ಆ ಹನ್ನೊಂದರಲ್ಲಿ ಒಬ್ಬನು. ಅವನ ಹುಟ್ಟಿನ ಭಾಗ್ಯ ಹಾಗಿತ್ತು. ಅವನನ್ನು ಕಂಡು ಬ್ರಶ್ಶನ್ನು ಬಿಟ್ಟವರು ಎಂಬತ್ತೊಂಬತ್ತರ ಲೆಕ್ಕದಲ್ಲಿ ಸೇರಬೇಕಾಗುವುದು. ನನ್ನ ಎಣಿಕೆಯಲ್ಲಿ ಆ ಮುತ್ಯಾನ ಹಲ್ಲು ಊರಿಗೆ ಮಾಡಿದ ಹಾನಿ ಬೆಲ್ಲವೂ ಮಾಡಿಲ್ಲ.

ನಮ್ಮ ದೇಶದ ಮಾತು ಹೇಳಬೇಕಾದರೆ, 2002–03ರಲ್ಲಿ ನಡೆದ ದೇಶವ್ಯಾಪಿ ಪರೀಕ್ಷೆಯಲ್ಲಿ ಹನ್ನೆರಡು ವರ್ಷದ ಮಕ್ಕಳಲ್ಲಿಯೇ ಅರ್ಧಕ್ಕಿಂತ ಹೆಚ್ಚಿನವರ ವಸಡು ಆರೋಗ್ಯವಾಗಿರಲಿಲ್ಲ. ಮೂವತ್ತೈದರಿಂದ ನಲ್ವತ್ತನಾಲ್ಕರ ವಯಸ್ಸಿನವರಲ್ಲಿ ಹತ್ತಕ್ಕೆ ಒಂಬತ್ತು ಜನರ ಸುಮಾರಿಗೆ ಈ ತೊಂದರೆ ಕಂಡಿತು. ಹೀಗಿರಲಾಗಿ ಇದು ಮುದುಕರ ರೋಗವೆಂಬ ಮಾತು ಎಲ್ಲಿ ನಿಂತೀತು?

ಅಫಜಲಪುರದ ಚಿಗವ್ವನ ವಿಷಯಕ್ಕೆ ಬರುವೆನು. ಅವಳು ಮಿಸ್ರಿಯನ್ನು ಮುಟ್ಟಿದವಳಲ್ಲ. ಬೇವಿನ ಕಡ್ಡಿಯಿಂದ ನಿತ್ಯ ಹಲ್ಲುಜ್ಜುವವಳು. ಆದರೂ ನಲ್ವತ್ತೈದರ ಹೊತ್ತಿಗೆ ವಸಡು ಅಲ್ಲಲ್ಲಿ ಗುಳ್ಳೆಯಾಗಿ ಬಾತು ಕೀವಾಗುವುದು, ಒಡೆದು ಇಳಿಯುವುದು, ಎರಡು ತಿಂಗಳು ಕಳೆದು ಮತ್ತೊಂದು ಕಡೆ ಏಳುವುದು ಹೀಗೆ ನಡೆದಿತ್ತು. ಅವಳು ಮೊದಲು ಹೋದದ್ದು ವೈದ್ಯರ ಬಳಿಗಲ್ಲ. ಒಂದು ಸಂತೆಯಲ್ಲಿ ಹಲ್ಲಿನ ಹುಳು ತೆಗೆಯುವವನೊಬ್ಬನು ಕೂಡುತ್ತಿದ್ದನು. ಅವನು ಕೊಳವೆಯಿಂದ ಬಾಯಿಗೆ ಹೊಗೆಕೊಟ್ಟು, ಬಟ್ಟಲಿನ ನೀರಿನಲ್ಲಿ ಬಿಳಿಯ ಎಳೆಗಳಂಥವನ್ನು ತೋರಿಸಿ, ಏಳು ಹುಳು ಬಿದ್ದುವೆಂದು ಲೆಕ್ಕಹೇಳಿ ಹಣ ತೆಗೆದುಕೊಂಡನು. ಹಲ್ಲಿನಲ್ಲಿ ಅಂಥ ಹುಳುವೆಂಬುದೇ ಇಲ್ಲ. ಏಳು ಹುಳು ಹೋದಮೇಲೂ ಗುಳ್ಳೆ ಏಳುವುದು ನಿಲ್ಲಲಿಲ್ಲವಾದ ಕಾರಣ ಚಿಗವ್ವನಿಗೆ ಎಂಟನೆಯದು ಒಳಗುಳಿದಿದೆಯೆಂಬ ಸಂಶಯ ಹತ್ತಿತು. ಹಾಗೆಂದು ಅವಳು ನನಗೆ ಹೇಳಿದುದು ನಗುತ್ತ ಅಲ್ಲ.

ಕಡೆಗೆ ಅವಳನ್ನು ಕಲಬುರಗಿಗೆ ಕರೆತಂದೆವು. ಆಯಿಯ ಹರೆಯದಲ್ಲಿ ಇದು ಸಾಧ್ಯವಿರಲಿಲ್ಲವೆಂಬುದನ್ನು ನೆನೆಯಬೇಕು. ಭಾರತದಲ್ಲಿ ಮೊದಲ ದಂತವೈದ್ಯ ಕಾಲೇಜನ್ನು ಡಾಕ್ಟರ್ ರಫೀಉದ್ದೀನ್ ಅಹಮದರು ಕಲಕತ್ತೆಯಲ್ಲಿ ತೆರೆದುದು 1920ರಲ್ಲಿ. ದಂತವೈದ್ಯರ ಕಾಯಿದೆ ಬಂದುದು 1948ರಲ್ಲಿ, ನಮ್ಮ ಸೀಮೆ ನಿಜಾಮರ ಆಳಿಕೆಯಿಂದ ಬಿಡುಗಡೆಹೊಂದಿದ ವರ್ಷವೇ. ಬೆಂಗಳೂರಿನ ಸರಕಾರಿ ದಂತ ಕಾಲೇಜು 1958ರದು. ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯವರು ಕಲಬುರಗಿಯಲ್ಲಿ ದಂತ ಕಾಲೇಜನ್ನು ಸ್ಥಾಪಿಸಿದುದು 1986ರಲ್ಲಿ. ಆಯಿಯ ಹಲ್ಲುಗಳು ಅಷ್ಟು ದಿನ ಕಾದಿರಲಿಲ್ಲ.

ನಾನು ಮೇಲೆ ಹೇಳಿದ ದಂತವೈದ್ಯೆ ಚಿಗವ್ವನ ಬಾಯನ್ನು ನೋಡಿ ಮುಗಿಸುವ ಮುನ್ನವೇ “ಅಮ್ಮ, ಶುಗರ್ ಯಾವಾಗ ನೋಡಿಸೀರಿ?” ಎಂದು ಕೇಳಿದರು. ಎಂದೂ ನೋಡಿಸಿರಲಿಲ್ಲ. ಅಂದೇ ರಕ್ತಪರೀಕ್ಷೆಯಾಯಿತು, ಮಧುಮೇಹವು ಬಹಳ ದಿನದಿಂದ ಇದ್ದಿರಬೇಕೆಂದು ಗೊತ್ತಾಯಿತು. ಕಾಲಿನ ಉರಿಯನ್ನು ಹೊಲದ ದಣಿವೆಂದೂ, ರಾತ್ರಿಯ ನೀರಡಿಕೆಯನ್ನು ಬಿಸಿಲಿನದೆಂದೂ ಅವಳು ತಿಳಿದಿದ್ದಳು. ವಸಡು ಒಂದೇ ನಿಜ ಹೇಳಿತು.

ಈ ಎರಡು ರೋಗಗಳ ನಂಟು ಎರಡೂ ಕಡೆಯಿಂದ ಹಗ್ಗ ಎಳೆಯುವಂಥದು. ಸಕ್ಕರೆ ಹೆಚ್ಚಾದ ದೇಹದಲ್ಲಿ ಸೋಂಕನ್ನು ಎದುರಿಸುವ ಶಕ್ತಿಯೂ ಗಾಯ ಮಾಯುವ ಶಕ್ತಿಯೂ ಕುಗ್ಗುವುದರಿಂದ, ಮಧುಮೇಹ ಹತೋಟಿಯಲ್ಲಿ ಇಲ್ಲದವರಿಗೆ ವಸಡಿನ ರೋಗದ ಭಯ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಇತ್ತ ವಸಡಿನ ಕಿಸೆಗಳಲ್ಲಿ ಬಹುಕಾಲ ಕುದಿಯುವ ಉರಿಯೂತವು ಇನ್ಸುಲಿನ್ ಮಾಡುವ ಕೆಲಸಕ್ಕೆ ಅಡ್ಡಿಬಂದು ಸಕ್ಕರೆಯನ್ನು ಏರಿಸುವುದು. ವಸಡಿಗೆ ಚಿಕಿತ್ಸೆಮಾಡಿದರೆ, ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಪರೀಕ್ಷೆಯಲ್ಲಿ ಶೇಕಡಾ 0.4ರ ಸುಮಾರು ಇಳಿಯುವುದೆಂದು ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದವರು ಕಂಡಿದ್ದಾರೆ. ಇದೇನು ಪವಾಡವಲ್ಲ, ಗುಳಿಗೆಯನ್ನು ಬಿಡುವಂತೆಯೂ ಇಲ್ಲ. ಆದರೆ ಸಕ್ಕರೆಗಾಗಿ ಬರಿಯ ರೊಟ್ಟಿಯನ್ನೇ ಅಳೆಯುವ ಮನೆಯವರು ಬಾಯನ್ನೂ ಒಮ್ಮೆ ತೆರೆದು ನೋಡತಕ್ಕದ್ದು. ಹೃದಯರೋಗವೂ ವಸಡಿನ ರೋಗವೂ ಒಬ್ಬರಲ್ಲಿಯೇ ಕೂಡಿ ಕಾಣುವುದು ಹೆಚ್ಚೆಂಬುದೂ ತಿಳಿದಿದೆ. ಒಂದು ಮತ್ತೊಂದನ್ನು ಹುಟ್ಟಿಸುವುದೆಂದು ಮಾತ್ರ ಈವರೆಗೆ ಸ್ಥಿರಪಟ್ಟಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೇಹದ ರೋಗಗಳಿಗೆಲ್ಲ ಬಾಯಿಯೇ ಮೂಲವೆಂದು ನಂಬಿ, ಸಂಧಿವಾತಕ್ಕೂ ಉನ್ಮಾದಕ್ಕೂ ಹಲ್ಲುಗಳನ್ನು ಸಾಲುಸಾಲಾಗಿ ಕಿತ್ತ ವೈದ್ಯರು ಪಶ್ಚಿಮದಲ್ಲಿ ಇದ್ದರು. ಆದುದರಿಂದ ಈ ವಿಷಯದಲ್ಲಿ ತೂಗಿ ಮಾತನಾಡುವುದೇ ಲೇಸು.

ಕಿಟ್ಟ ತೆಗೆಸುವ ದಿನ ಚಿಗವ್ವ ಕುರ್ಚಿಯನ್ನು ಏರಲೊಲ್ಲಳು. “ಹಲ್ಲ ಕ್ಲೀನ್ ಮಾಡಿಸಿದ್ರ ಇದ್ದ ಹಲ್ಲೂ ಅಲ್ಲಾಡ್ತಾವಂತ ಊರಾಗ ಎಲ್ಲಾರೂ ಹೇಳ್ತಾರ” ಎಂದಳು. ಈ ಭಯವನ್ನು ನಾನು ನೂರು ಬಾಯಲ್ಲಿ ಕೇಳಿದ್ದೇನೆ. ಇದರಲ್ಲಿ ಒಂದು ಸಣ್ಣ ನಿಜವೂ ಅಡಗಿದೆಯಾದುದರಿಂದ ಅದನ್ನು ನಕ್ಕು ತಳ್ಳಲಾಗದು. ಎಲುಬು ಕರಗಿ ಸಡಿಲಾದ ಹಲ್ಲುಗಳನ್ನು ಕೆಲವೊಮ್ಮೆ ಕಿಟ್ಟದ ಗಡ್ಡೆಯೇ ಒಂದಕ್ಕೊಂದು ಅಂಟಿಸಿ ಹಿಡಿದಿರುವುದು, ಹಳೆಯ ಗೋಡೆಯ ಜಾರಿದ ಕಲ್ಲುಗಳನ್ನು ಮೇಲೆ ಬಳಿದ ಮಣ್ಣು ಹಿಡಿದಿರುವಂತೆ. ಮಣ್ಣನ್ನು ಕೆರೆದರೆ ಕಲ್ಲು ಅಲ್ಲಾಡುವುದು ಕಾಣುವುದು. ಕಲ್ಲು ಜಾರಿದ್ದು ಕೆರೆದುದರಿಂದಲ್ಲ. ಬಾತ ವಸಡು ಇಳಿದಾಗ ಹಲ್ಲುಗಳ ನಡುವೆ ಸಂದು ತೋರುವುದೂ, ಕೆಲವು ದಿನ ತಣ್ಣೀರು ಜುಮ್ಮೆನ್ನುವುದೂ ಹೀಗೆಯೇ. ವೈದ್ಯರು ಇದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಅಪವಾದ ತಪ್ಪುವುದು. ನಮಗೆ ಆ ಬಾಯಿಯವರು ಹೇಳಿದರು. ಆದರೂ ಮನೆಗೆ ಬಂದ ಮೂರು ದಿನ ಚಿಗವ್ವ ನಾಲಗೆಯಿಂದ ಸಂದುಗಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ನನ್ನ ಮೇಲೆ ಮುನಿಸಿಕೊಂಡಿದ್ದಳು. ಕಿಸೆಗಳ ಒಳಗಿನ ಬೇರನ್ನು ಸ್ವಚ್ಛಗೊಳಿಸಲು ಮತ್ತೆ ನಾಲ್ಕು ಸಲ ಹೋಗಬೇಕಾಯಿತು. ಎರಡು ದವಡೆಹಲ್ಲು ಉಳಿಯಲಿಲ್ಲ. ಉಳಿದುವು ನಿಂತುವು. ಗುಳ್ಳೆ ಏಳುವುದು ನಿಂತಿತು. ಎಂಟನೆಯ ಹುಳುವಿನ ಮಾತೂ ನಿಂತಿತು.

ಜೇವರ್ಗಿಯ ಮನೆಯಲ್ಲಿ ನಡೆದುದು ಇನ್ನೊಂದು ಬಗೆ. ನನ್ನ ನೆಗೆಣ್ಣಿ ಚೊಚ್ಚಲ ಬಸುರಿಯಾಗಿದ್ದಾಗ ಐದನೆಯ ತಿಂಗಳಿನಲ್ಲಿ ವಸಡು ದ್ರಾಕ್ಷಿಯಂತೆ ಕೆಂಪಾಗಿ ಉಬ್ಬಿ, ಬ್ರಶ್ಶು ತಾಗಿದರೆ ಉಗುಳೆಲ್ಲ ನೆತ್ತರಾಗುತ್ತಿತ್ತು. “ನೆತ್ತರ ಬರ್ಲಕತ್ತದ, ಹೆರಿಗಿ ಆಗೋತನಕ ಬ್ರಶ್ ಮುಟ್ಟಬ್ಯಾಡ” ಎಂದು ಹಿರಿಯರ ಅಪ್ಪಣೆಯಾಯಿತು. ಹೊಟ್ಟೆಯಲ್ಲಿರುವ ಕೂಸಿನ ಹೆಸರು ಹೇಳಿದಮೇಲೆ ಸೊಸೆಯು ಎದುರಾಡುವಂತಿಲ್ಲ. ಗರ್ಭಿಣಿಯ ರಕ್ತದಲ್ಲಿ ಏರುವ ಹಾರ್ಮೋನುಗಳು ವಸಡನ್ನು ಬಹಳ ಸೂಕ್ಷ್ಮವಾಗಿಸುವುವು. ಬೇರೆಯ ಕಾಲದಲ್ಲಿ ತೊಂದರೆಕೊಡದ ಅಷ್ಟೇ ಪಾಚಿಗೆ ಆಗ ಎರಡರಷ್ಟು ಊತ. ಉಜ್ಜದೆ ಬಿಟ್ಟರೆ ಇನ್ನೂ ಹೆಚ್ಚುವುದಲ್ಲದೆ ಇಳಿಯದು. ಗರ್ಭಿಣಿಯರು ಕಿಟ್ಟ ತೆಗೆಸಿಕೊಳ್ಳುವುದರಿಂದ ಕೂಸಿಗೆ ಹಾನಿಯಿಲ್ಲ. ನಾಲ್ಕರಿಂದ ಆರನೆಯ ತಿಂಗಳೊಳಗೆ ಕುರ್ಚಿಯಲ್ಲಿ ಒರಗುವುದು ತಾಯಿಗೆ ಅನುಕೂಲ. ವಸಡಿನ ರೋಗವುಳ್ಳ ತಾಯಂದಿರಲ್ಲಿ ದಿನತುಂಬದ ಹೆರಿಗೆ ಹೆಚ್ಚಾಗಿ ಕಂಡಿದೆಯೆನ್ನುವರು. ಬಸುರಿನಲ್ಲಿ ಚಿಕಿತ್ಸೆಮಾಡಿದುದರಿಂದ ಅದು ತಪ್ಪುವುದೆಂದು ಸಿದ್ಧವಾಗಿಲ್ಲ. ಆದರೆ ತಾಯಿಯ ಬಾಯಿಗೆ ಸುಖವಾದರೆ ಅದೇನು ಕಡಮೆಯ ಲಾಭವೆ? ಅತ್ತೆಯವರನ್ನು ಒಪ್ಪಿಸಲು ನಾನು ಲೋ ಅವರ ಹನ್ನೆರಡು ಜನರ ಕಥೆಯನ್ನು ಹೇಳಿದೆನು. ಅದು ಅವರಿಗೆ ಹಿಡಿಸಲಿಲ್ಲ. ಕಾಲಿನ ಹುಣ್ಣನ್ನು ತೊಳೆಯದೆ ಬಿಟ್ಟರೆ ಮಾಯುವುದೇ ಎಂದು ಕೇಳಿದಾಗ ಮಾತ್ರ ಸುಮ್ಮನಾದರು. ಮೆತ್ತನೆಯ ಬ್ರಶ್ಶು ಬಂದಿತು. ಹೆರಿಗೆಯಾದ ಕೆಲವು ತಿಂಗಳಿಗೆ ವಸಡು ತಾನಾಗಿ ಮೊದಲಿನ ಬಣ್ಣಕ್ಕೆ ತಿರುಗಿತು.

ಈ ಹಾರ್ಮೋನಿನ ಆಟ ಹನ್ನೆರಡು ಹದಿಮೂರರ ಹುಡುಗಿಯರಲ್ಲಿಯೂ ಉಂಟು. ಮೈನೆರೆಯುವ ಹೊತ್ತಿನಲ್ಲಿ ವಸಡು ಬಾಯುವುದೂ ಒಸರುವುದೂ ಹೊಸತಲ್ಲ. ಆ ವಯಸ್ಸಿನಲ್ಲಿ ಬಾಯಿಂದ ವಾಸನೆ ಬರುವುದೆಂಬ ಅಂಜಿಕೆಯಿಂದ ನಗುವಾಗಲೆಲ್ಲ ಅಂಗೈಯನ್ನು ತುಟಿಗೆ ಅಡ್ಡ ಹಿಡಿಯುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಅದನ್ನು ಸಂಕೋಚದ ಸ್ವಭಾವವೆಂದು ಹೊಗಳುವವರೂ ಇದ್ದಾರೆ! ಆ ಕೈಯ ಹಿಂದೆ ಏನಿದೆಯೆಂದು ತಾಯಿಯಾಗಲಿ ಉಪಾಧ್ಯಾಯಿನಿಯಾಗಲಿ ಒಮ್ಮೆ ಮೆಲ್ಲನೆ ವಿಚಾರಿಸಿದರೆ, ಆ ಮಗುವಿನ ಎಷ್ಟೋ ದಿನಗಳ ಮೌನ ಒಡೆದೀತು.

ಉಜ್ಜುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಬೋರ್ಡಿಂಗಿನ ಹುಡುಗಿಯರು ಬೆಳಿಗ್ಗೆ ನಲ್ಲಿಯ ಮುಂದೆ ಪಾತ್ರೆ ತಿಕ್ಕುವ ರಭಸದಿಂದ ಹಲ್ಲುಜ್ಜುವುದನ್ನು ನೋಡಿ ನನಗೆ ಯಾವಾಗಲೂ ಮರುಕ. ಬಲವು ಬೇಕಾಗಿಲ್ಲ. ಕೂದಲು ಮೆತ್ತಗಿರುವ ಬ್ರಶ್ಶನ್ನು ಹಲ್ಲು ವಸಡು ಕೂಡುವ ಗೆರೆಯ ಮೇಲೆ ಓರೆಯಾಗಿಟ್ಟು, ತುದಿಗಳು ಸಂದಿನೊಳಕ್ಕೆ ಇಣುಕುವಂತೆ ಅಲ್ಲಲ್ಲೇ ಸಣ್ಣಗೆ ಅಲುಗಿಸಬೇಕು. ಒಳಮೈಯನ್ನೂ ಮರೆಯಬಾರದು, ಮುಖ್ಯವಾಗಿ ಕೆಳಗಿನ ಮುಂಬಲ್ಲುಗಳ ಒಳಮೈಯನ್ನು. ಎಂಜಲು ಒಸರುವ ದ್ವಾರಗಳು ಅಲ್ಲಿಯೇ ಇರುವುದರಿಂದ ಕಿಟ್ಟವು ಎಲ್ಲಕ್ಕಿಂತ ಮೊದಲು ಅಲ್ಲಿ ಕಟ್ಟುವುದು. ಎರಡು ನಿಮಿಷ, ದಿನಕ್ಕೆ ಎರಡು ಹೊತ್ತು, ರಾತ್ರಿಯದನ್ನು ತಪ್ಪಿಸಲಾಗದು. ಹಲ್ಲುಹಲ್ಲುಗಳ ನಡುವೆ ಬ್ರಶ್ಶು ಹೋಗದೆಂಬ ಕಾರಣ ಅಲ್ಲಿಗೆ ದಾರವನ್ನೋ ಸಂದಿನ ಸಣ್ಣ ಬ್ರಶ್ಶನ್ನೋ ಬಳಸುವರು. ಬೇವಿನ ಕಡ್ಡಿಯನ್ನು ನಾನು ಹಳಿಯುವವಳಲ್ಲ. ತುದಿಯನ್ನು ಚೆನ್ನಾಗಿ ಜಗಿದು ಕುಂಚಮಾಡಿ ತಾಳ್ಮೆಯಿಂದ ಉಜ್ಜಿದರೆ ಹೊರಮೈ ಶುದ್ಧವಾಗುವುದು, ಒಳಮೈಗೆ ಮಾತ್ರ ಅದು ಬಗ್ಗದು. ಚಿಗವ್ವನ ಕಿಟ್ಟವೆಲ್ಲ ಒಳಮೈಯಲ್ಲಿಯೇ ಇತ್ತು. ಇದ್ದಿಲು, ಕುಳ್ಳಿನ ಬೂದಿ, ಇಟ್ಟಿಗೆಯ ಪುಡಿ ಇವುಗಳಿಂದ ಹಲ್ಲು ಬೆಳ್ಳಗೆ ಕಂಡರೂ ಬುಡವು ಸವೆದು ಗೀರು ಬೀಳುವುದು. ಉಪ್ಪಿನ ಬೆಚ್ಚನೆಯ ನೀರು ಬಾತ ವಸಡಿಗೆ ಹಿತ. ಕಿಟ್ಟವನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ. ಕಲ್ಲಾದುದನ್ನು ಸಲಕರಣೆಯಿಂದಲೇ ತೆಗೆಯಬೇಕು.

ತಂಬಾಕಿನ ಮಾತನ್ನು ಮತ್ತೊಮ್ಮೆ ಎತ್ತದೆ ಮುಂದೆ ಹೋಗಲಾರೆನು. ಬೀಡಿ ಸೇದುವವರಲ್ಲಿ ವಸಡಿನ ರಕ್ತನಾಳಗಳು ಕುಗ್ಗುವುದರಿಂದ ರಕ್ತವು ಒಸರುವುದು ಕಡಮೆ. ಎಚ್ಚರಿಕೆಯ ಗಂಟೆಗೆ ಬಟ್ಟೆ ಸುತ್ತಿದಂತೆ. ಗುಟಖಾವನ್ನು ಕರ್ನಾಟಕದಲ್ಲಿ 2013ರಲ್ಲಿ ನಿಷೇಧಿಸಿದರು. ಅಂಗಡಿಯವರು ಪಾನ್ ಮಸಾಲೆಯ ಚೀಟಿಯನ್ನೂ ತಂಬಾಕಿನ ಚೀಟಿಯನ್ನೂ ಬೇರೆ ಬೇರೆ ಮಾರಿದರು. ಕೊಂಡವರು ಅಂಗೈಯಲ್ಲಿ ಕೂಡಿಸಿದರು. ಅಡಿಕೆಯು ಒಂದೇ ಆದರೂ ಬಾಯನ್ನು ಬಿಗಿದು ಮೂರು ಬೆರಳೂ ಹೋಗದಂತೆ ಮಾಡಬಲ್ಲುದು. ಬಾಯಲ್ಲಿ ಎರಡು ಮೂರು ವಾರಕ್ಕೂ ಮಾಯದ ಹುಣ್ಣನ್ನಾಗಲಿ ಬಿಳಿಯ ಮಚ್ಚೆಯನ್ನಾಗಲಿ ಕಂಡರೆ ಅದು ವಸಡಿನ ರೋಗವೆಂದು ತಡಮಾಡದೆ ತೋರಿಸತಕ್ಕದ್ದು.

ಬಡ ವೃದ್ಧರಿಗೆ ಪುಕ್ಕಟೆಯಾಗಿ ಕಟ್ಟುಹಲ್ಲು ಕೊಡುವ ದಂತಭಾಗ್ಯವೆಂಬ ಯೋಜನೆಯನ್ನು ನಮ್ಮ ಸರಕಾರವು 2014ರ ಸುಮಾರಿಗೆ ತಂದಿತು. ಒಳ್ಳೆಯದೇ, ಆಯಿ ಇದ್ದಿದ್ದರೆ ನಾನೇ ಕರೆದುಕೊಂಡು ಹೋಗುತ್ತಿದ್ದೆನು. ಆದರೆ ವಸಡಿನ ರೋಗದಿಂದ ಹಲ್ಲು ಹೋದವರ ದವಡೆಯ ಎಲುಬು ಕರಗಿ ಚಪ್ಪಟೆಯಾಗಿರುವುದರಿಂದ, ಕೆಳಗಿನ ಕಟ್ಟುಹಲ್ಲು ಮಾತನಾಡುವಾಗ ಎದ್ದೆದ್ದು ಬರುವುದು. ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಮದುವೆಗೆ ಹೋಗುವಾಗ ಮಾತ್ರ ಆಭರಣದಂತೆ ತೊಡುವ ಮುದುಕಿಯರನ್ನು ನಾನು ಬಲ್ಲೆನು.

ಚಿಗವ್ವನಿಗೆ ಈಗ ಮೂರು ತಿಂಗಳಿಗೊಮ್ಮೆ ಕಲಬುರಗಿಗೆ ಬರಲು ಹೇಳಿದ್ದಾರೆ. ಕಿಸೆಗಳನ್ನು ಅಳೆದು ಬರೆದುಕೊಳ್ಳುವರು. ಹೋದ ಸಲ ಆರರಲ್ಲಿದ್ದ ಎರಡು ಕಡೆ ನಾಲ್ಕಕ್ಕೆ ಇಳಿದಿದ್ದುವು. ಒಂದು ಕಡೆ ಮಾತ್ರ ಐದರಲ್ಲಿಯೇ ನಿಂತಿದೆ. ಬಸ್ಸಿನಲ್ಲಿ ಹತ್ತಿರ ಹತ್ತಿರ ಎರಡು ತಾಸಿನ ದಾರಿ, ಒಂದು ದಿನದ ಕೂಲಿ ಹೋಗುವುದು. ಮುಂದಿನ ತಾರೀಖು ಮೃಗಶಿರೆಯ ಮಳೆಯ ಹೊತ್ತಿಗೆ ಬಿದ್ದಿದೆ. ತೊಗರಿಯ ಬಿತ್ತಿಗೆಯನ್ನು ಬಿಟ್ಟು ಬರಲಾರೆನೆಂದು ಈಗಲೇ ಹೇಳಿಕಳುಹಿಸಿದ್ದಾಳೆ. ಬಿತ್ತಿಗೆ ಮುಗಿದ ವಾರವೇ ಬರುವಂತೆ ವೈದ್ಯರಿಂದ ಬೇರೆ ತಾರೀಖು ಬರೆಸಿಕೊಂಡು ಬಂದಿದ್ದೇನೆ. ಚೀಟಿ ನನ್ನ ಬಳಿಯಲ್ಲಿಯೇ ಇದೆ.